ಗೆರೆಯಾಚೆ ನಿಂತ ಗುರು

ಸುರಪುರ ಸೀಮೆಯ ಕಕ್ಕೇರಾದಂತಹ ಊರಿನಲ್ಲಿ ಸಂಜೆಯ ಹೊತ್ತು ಶಾಲೆಯ ಬಯಲಿಗೆ ಹೋದರೆ, ಜಾಲಿಯ ಮೂರು ಕೋಲುಗಳನ್ನು ನೆಟ್ಟು ಕ್ರಿಕೆಟ್ ಆಡುವ ಹುಡುಗರನ್ನು ಕಾಣಬಹುದು. ಆಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಬಯಲಿನ ಅಂಚಿನಲ್ಲಿ ಒಬ್ಬ ಹಿರಿಯ ಹುಡುಗನೂ ನಿಂತಿರುವುದುಂಟು. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಚೆಂಡೆಸೆಯಬೇಕು ಎಂದು ಅವನು ಕೂಗಿ ಹೇಳುತ್ತಿರುತ್ತಾನೆ. ತಂಡ ಗೆದ್ದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಸೋತರೆ ಮಾತ್ರ ಎಲ್ಲರೂ ಅವನ ಕಡೆಗೆ ತಿರುಗುತ್ತಾರೆ. ದೊಡ್ಡ ತಂಡಗಳಲ್ಲಿ ಈ ಕೆಲಸ ಮಾಡುವವನನ್ನು ತರಬೇತುದಾರನೆಂದು ಕರೆಯುತ್ತಾರೆ.

ಒಳ್ಳೆಯ ಆಟಗಾರನೇ ಒಳ್ಳೆಯ ತರಬೇತುದಾರನಾಗುತ್ತಾನೆ ಎಂದು ತಿಳಿಯುವುದು ಸಹಜ. ಆದರೆ ಅನುಭವ ಹಾಗೆ ಹೇಳುವುದಿಲ್ಲ. ಕಕ್ಕೇರಾ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಷ್ಟೆ. ಆ ರಾಜ್ಯದ ರಾಜಧಾನಿಯಲ್ಲಿ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಅವರು ಕಾಲ್ಚೆಂಡಿನ ತಂಡಗಳನ್ನು ತಿದ್ದಿ ತೀಡಿ, 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನದ ಪದಕವನ್ನು ತಂದುಕೊಟ್ಟರು. ಆಟಗಾರರಾಗಿ ಅವರು ದೇಶವಿಖ್ಯಾತರೇನೂ ಆಗಿರಲಿಲ್ಲ. ಮಹಾ ಆಟಗಾರರೆನಿಸಿದ್ದವರು ತರಬೇತಿಗೆ ಇಳಿದು ಸೋತ ಉದಾಹರಣೆಗಳಂತೂ ಎಷ್ಟೋ ಇವೆ. ತನಗೆ ಸಹಜವಾಗಿ ಬಂದದ್ದು ಇನ್ನೊಬ್ಬನಿಗೆ ಏಕೆ ಬರುವುದಿಲ್ಲ ಎಂಬುದು ಅವರಿಗೆ ಅರ್ಥವಾಗುವುದಿಲ್ಲ. ಎರಡೂ ಕೆಲಸಗಳಲ್ಲಿ ಉನ್ನತ ಸ್ಥಾನಕ್ಕೇರಿದವರು ವಿರಳ. ಕರ್ನಾಟಕದ ರಾಹುಲ್ ದ್ರಾವಿಡರು ಅಂತಹವರಲ್ಲಿ ಒಬ್ಬರು.

ದ್ರಾವಿಡರು ಹುಟ್ಟಿದ್ದು 1973ರ ಜನವರಿ 11ರಂದು, ಇಂದೂರಿನಲ್ಲಿ. ಬೆಳೆದದ್ದು, ಓದಿದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ತಂದೆ ಜಾಮ್ ತಯಾರಿಸುವ ಕಂಪನಿಯೊಂದರಲ್ಲಿ ಉದ್ಯೋಗಿ. ತಾಯಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಕೇಕಿ ತಾರಾಪೋರ್ ಎಂಬ ಹಿರಿಯ ಶಿಕ್ಷಕರ ಕಣ್ಣು ಈ ಬಾಲಕನ ಮೇಲೆ ಬಿತ್ತು. 1991ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಎದುರು ಕರ್ನಾಟಕದ ಪರವಾಗಿ ಮೊದಲ ರಣಜಿ ಪಂದ್ಯವನ್ನಾಡಿ 82 ಓಟಗಳನ್ನು ಗಳಿಸಿದರು. ಅನಂತರ ಐದು ವರ್ಷಗಳ ಕಾಲ ಕಾದರು. 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ಒದಗಿಬಂದಾಗ 95 ಓಟಗಳಿಗೆ ಔಟಾದರು. ಶತಕಕ್ಕೆ ಐದೇ ಓಟಗಳ ಕೊರತೆ!

ಅವರ ಆಟದ ರೀತಿಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಮುಂದೆ ಅವರು ಎಂತಹ ಗುರುವಾದರು ಎಂಬುದರ ಬೇರು ಅಲ್ಲಿಯೇ ಇದೆ. ನೋಡಿದವರು ಬೆರಗಾಗುವಂತೆ ಚೆಂಡನ್ನು ಬಾರಿಸುವ ದಾಂಡಿಗರು ಆ ಕಾಲದ ತಂಡದಲ್ಲಿ ಹಲವರಿದ್ದರು. ದ್ರಾವಿಡರ ಬಲ ಬೇರೆ ಬಗೆಯದು. ಅವರು ಔಟಾಗುತ್ತಿರಲಿಲ್ಲ. 164 ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಟೆಸ್ಟ್ ಆಟದ ಇತಿಹಾಸದಲ್ಲಿ ಇಷ್ಟು ಚೆಂಡುಗಳನ್ನು ಬೇರಾರೂ ಎದುರಿಸಿಲ್ಲ. 2008ರಲ್ಲಿ ಸಿಡ್ನಿಯಲ್ಲಿ 18 ಓಟಗಳಿಂದ 19ಕ್ಕೆ ದಾಟಲು ಅವರಿಗೆ ಸುಮಾರು 40 ಎಸೆತಗಳು ಹಿಡಿದವು. ಆ ಒಂದು ಓಟ ಬಂದೊಡನೆ ಪ್ರೇಕ್ಷಕರು ಕುಚೋದ್ಯದಿಂದ ಚಪ್ಪಾಳೆ ತಟ್ಟಿದರು. ದ್ರಾವಿಡರು ಶತಕ ಬಾರಿಸಿದವರಂತೆ ದಾಂಡನ್ನೆತ್ತಿ ವಂದಿಸಿದರು. ತಮ್ಮನ್ನು ನೋಡಿ ತಾವೇ ನಗಬಲ್ಲವರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತಂಡಕ್ಕೆ ಬೇಕಾದಾಗ ಅವರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯದ ಎದುರು ಭಾರತ 274 ಓಟಗಳ ಹಿನ್ನಡೆಯನ್ನು ಹೊತ್ತು ಮತ್ತೆ ಆಡಬೇಕಾಗಿ ಬಂದಿತು. ಮೂರನೆಯವರಾಗಿ ಆಡುತ್ತಿದ್ದ ದ್ರಾವಿಡರನ್ನು ಆರನೆಯ ಸ್ಥಾನಕ್ಕೆ ಇಳಿಸಲಾಯಿತು. ಅವರು ವಿ.ವಿ.ಎಸ್. ಲಕ್ಷ್ಮಣರೊಡನೆ ನಾಲ್ಕನೆಯ ದಿನವಿಡೀ ಔಟಾಗದೆ ನಿಂತರು. ಲಕ್ಷ್ಮಣರದು 281, ದ್ರಾವಿಡರದು 180; ಇಬ್ಬರೂ ಕೂಡಿ ಸೇರಿಸಿದ್ದು 376 ಓಟಗಳು. ಸೋಲುತ್ತಿದ್ದ ಪಂದ್ಯವನ್ನು ಭಾರತ 171 ಓಟಗಳಿಂದ ಗೆದ್ದಿತು. ಏಕದಿನ ಪಂದ್ಯಗಳಲ್ಲಿ ತಂಡಕ್ಕೆ ಒಬ್ಬ ದಾಂಡಿಗ ಹೆಚ್ಚಿಗೆ ಬೇಕೆಂದಾಗ, 2003ರ ವಿಶ್ವಕಪ್ಪಿನಲ್ಲಿ ವಿಕೆಟ್ ಹಿಂದೆ ನಿಲ್ಲುವ ಹೊಣೆಯನ್ನೂ ಹೊತ್ತುಕೊಂಡರು.

ನಾಯಕರಾಗಿ ಅವರು ಪಡೆದದ್ದು ಸಿಹಿಕಹಿಗಳ ಮಿಶ್ರಫಲ. 2006ರಲ್ಲಿ ವೆಸ್ಟ್ ಇಂಡೀಸಿನಲ್ಲಿಯೂ 2007ರಲ್ಲಿ ಇಂಗ್ಲೆಂಡಿನಲ್ಲಿಯೂ ಅವರ ನಾಯಕತ್ವದಲ್ಲಿ ಭಾರತ ಟೆಸ್ಟ್ ಸರಣಿಗಳನ್ನು ಗೆದ್ದಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು 2007ರ ಮಾರ್ಚ್ ತಿಂಗಳು. ವೆಸ್ಟ್ ಇಂಡೀಸಿನಲ್ಲಿ ನಡೆದ ಆ ವಿಶ್ವಕಪ್ಪಿನಲ್ಲಿ ಭಾರತ ಮೊದಲು ಬಾಂಗ್ಲಾದೇಶಕ್ಕೂ ಆಮೇಲೆ ಶ್ರೀಲಂಕೆಗೂ ಸೋತು ಮೊದಲ ಸುತ್ತಿನಲ್ಲಿಯೇ ಮನೆಯ ದಾರಿ ಹಿಡಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದ್ರಾವಿಡರು ನಾಯಕತ್ವವನ್ನು ತ್ಯಜಿಸಿದರು. 2012ರ ಮಾರ್ಚ್‌ನಲ್ಲಿ, 13,288 ಟೆಸ್ಟ್ ಓಟಗಳನ್ನೂ 36 ಶತಕಗಳನ್ನೂ ಗಳಿಸಿ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ವಿಶ್ವಕಪ್ ಮಾತ್ರ ಅವರ ಕೈಗೆ ಬಂದಿರಲಿಲ್ಲ.

ಇಷ್ಟು ಹೆಸರು ಗಳಿಸಿದವರು ಹಿರಿಯ ತಂಡದ ಹೊಣೆಗಾಗಿಯೇ ಕಾದು ಕೂರಬಹುದಾಗಿತ್ತು. ಆದರೆ 2015ರಲ್ಲಿ ಅವರು ಒಪ್ಪಿಕೊಂಡದ್ದು 19 ವರ್ಷದೊಳಗಿನ ಹುಡುಗರ ತಂಡವನ್ನು ಹಾಗೂ ಭಾರತ 'ಎ' ತಂಡವನ್ನು. ಕ್ರೀಡಾಂಗಣಗಳು ಬರಿದಾಗಿರುವ, ಪತ್ರಿಕೆಗಳಲ್ಲಿ ಎರಡೇ ಸಾಲು ಅಚ್ಚಾಗುವ ಪಂದ್ಯಗಳವು. ಅಲ್ಲಿ ಅವರು ಒಂದು ಕ್ರಮವನ್ನು ಬಿಗಿಯಾಗಿ ಪಾಲಿಸಿದರು: ಪ್ರವಾಸಕ್ಕೆ ಬಂದ ಹುಡುಗರೆಲ್ಲರಿಗೂ ಆಡುವ ಅವಕಾಶ ದೊರೆಯಬೇಕು. ತಾವು ಚಿಕ್ಕವರಾಗಿದ್ದಾಗ ಪ್ರವಾಸಕ್ಕೆ ಹೋಗಿ ಒಂದೂ ಪಂದ್ಯವಾಡದೆ ಹಿಂದಿರುಗಿದ ನೋವನ್ನು ಅವರು ಮರೆತಿರಲಿಲ್ಲ. ಊರಿನಿಂದ ಹೊರಟ ಹುಡುಗ ಬರಿಗೈಯಲ್ಲಿ ಮರಳಿದರೆ, ಮುಂದಿನ ಆಯ್ಕೆಗಾಗಿ ಅವನು ಮತ್ತೆ ಮೊದಲಿನಿಂದ ರನ್ನುಗಳನ್ನು ಕೂಡಿಹಾಕಬೇಕಲ್ಲವೆ? ಒಬ್ಬ ಹುಡುಗ 19 ವರ್ಷದೊಳಗಿನವರ ವಿಶ್ವಕಪ್ಪನ್ನು ಒಂದೇ ಸಲ ಆಡಬೇಕೆಂಬ ನಿಯಮವೂ ಆ ದಿನಗಳಲ್ಲಿಯೇ ಬಂದಿತು. ಹಳಬನೇ ಮತ್ತೆ ಮತ್ತೆ ಆಡಿದರೆ ಕಪ್ ಗೆಲ್ಲುವುದು ಸುಲಭ. ಹೊಸಬನ ದಾರಿ ಮಾತ್ರ ಮುಚ್ಚಿಹೋಗುತ್ತದೆ.

2016ರ ಕಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅವರ ತಂಡ ವೆಸ್ಟ್ ಇಂಡೀಸಿಗೆ ಸೋತಿತು. 2018ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಲ್ಲಿ ಪೃಥ್ವಿ ಶಾ ನಾಯಕತ್ವದ ತಂಡ ಆಸ್ಟ್ರೇಲಿಯವನ್ನು 8 ವಿಕೆಟ್‌ಗಳಿಂದ ಮಣಿಸಿ ಕಪ್ಪನ್ನು ಗೆದ್ದಿತು. ಕ್ರಿಕೆಟ್ ಮಂಡಳಿ ಬಹುಮಾನವನ್ನು ಘೋಷಿಸಿತು. ದ್ರಾವಿಡರಿಗೆ 50 ಲಕ್ಷ ರೂಪಾಯಿ, ಆಟಗಾರರಿಗೆ ತಲಾ 30 ಲಕ್ಷ, ಅವರೊಡನೆ ದುಡಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡರು ಈ ಭೇದವನ್ನು ಒಪ್ಪಲಿಲ್ಲ. ಮಂಡಳಿ ತನ್ನ ನಿರ್ಣಯವನ್ನು ಬದಲಿಸಿ, ದ್ರಾವಿಡರಿಗೂ ಸಹಾಯಕರಿಗೂ ಸಮನಾಗಿ 25 ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಅವರ ಪಾಲು ಅರ್ಧಕ್ಕಿಳಿಯಿತು. ಇದಕ್ಕೆ ಒಂದು ವರ್ಷ ಹಿಂದೆ, 2017ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಲು ಮುಂದಾದಾಗ, ಕ್ರೀಡೆಯ ಕುರಿತು ಸಂಶೋಧನೆ ಮಾಡಿಯೇ ಆ ಪದವಿಯನ್ನು ಪಡೆಯಲು ಯತ್ನಿಸುತ್ತೇನೆಂದು ವಿನಯದಿಂದ ನಿರಾಕರಿಸಿದ್ದರು.

ನೆಟ್ಟ ಸಸಿ ಫಲ ಕೊಟ್ಟದ್ದು 2021ರ ಜನವರಿಯಲ್ಲಿ. ಬ್ರಿಸ್ಬೇನಿನ ಗಬ್ಬಾ ಮೈದಾನದಲ್ಲಿ ಆಸ್ಟ್ರೇಲಿಯ 1988ರಿಂದ ಒಂದೂ ಟೆಸ್ಟನ್ನು ಸೋತಿರಲಿಲ್ಲ. ಭಾರತದ ಹಿರಿಯ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹಿಂದೆ ಸರಿದಿದ್ದರು. ಅಂತಹ ಸ್ಥಿತಿಯಲ್ಲಿ ಶುಭಮನ್ ಗಿಲ್ 91 ಓಟಗಳನ್ನು ಹೊಡೆದರು. ರಿಷಭ್ ಪಂತ್ 89 ಓಟಗಳೊಂದಿಗೆ ಔಟಾಗದೆ ಉಳಿದು ಪಂದ್ಯವನ್ನು ಗೆಲ್ಲಿಸಿದರು. ಮೊಹಮ್ಮದ್ ಸಿರಾಜ್ ಒಂದೇ ಸರದಿಯಲ್ಲಿ ಐದು ವಿಕೆಟ್ ಕಿತ್ತರು. ಇವರೆಲ್ಲ ಕಿರಿಯರ ತಂಡದಿಂದಲೋ 'ಎ' ತಂಡದಿಂದಲೋ ಬೆಳೆದು ಬಂದವರು. ದೇಶವೆಲ್ಲ ದ್ರಾವಿಡರನ್ನು ಕೊಂಡಾಡಿತು. ಹೊಗಳಿಕೆ ಸಲ್ಲಬೇಕಾದದ್ದು ಹುಡುಗರಿಗೆ, ತಮಗೆ ಅನಗತ್ಯವಾಗಿ ಶ್ರೇಯಸ್ಸು ಬರುತ್ತಿದೆ ಎಂದಷ್ಟೇ ಅವರು ಹೇಳಿದರು. ಆ ವೇಳೆಗೆ ಅವರು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾಗಿದ್ದರು.

2021ರ ನವೆಂಬರಿನಲ್ಲಿ ಹಿರಿಯ ತಂಡದ ಹೊಣೆ ಅವರ ಹೆಗಲೇರಿತು. ಇಲ್ಲಿಯ ಲೆಕ್ಕಾಚಾರ ಬೇರೆ. ಕಿರಿಯರ ತಂಡದಲ್ಲಿ ಸೋಲು ಪಾಠವೆನಿಸುತ್ತದೆ. ಹಿರಿಯರ ತಂಡದಲ್ಲಿ ಅದು ಅಪರಾಧವೆನಿಸುತ್ತದೆ. 2022ರಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಇಂಗ್ಲೆಂಡಿನ ಎದುರು 10 ವಿಕೆಟ್‌ಗಳ ಸೋಲು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯದ ಎದುರು ಸೋಲು. ಅದೇ ವರ್ಷದ ನವೆಂಬರ್ 19ರಂದು, ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದು ಅಹಮದಾಬಾದಿಗೆ ಬಂದ ತಂಡ, ಏಕದಿನ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನೂ ಆಸ್ಟ್ರೇಲಿಯಕ್ಕೆ ಬಿಟ್ಟುಕೊಟ್ಟಿತು. ದ್ರಾವಿಡರ ಅವಧಿ ಅಲ್ಲಿಗೆ ಮುಗಿದಿತ್ತು. ಅವರು ಹೊರಡಲು ಸಿದ್ಧರಾಗಿದ್ದರು. ಆಗ ತಂಡದ ನಾಯಕ ರೋಹಿತ್ ಶರ್ಮಾ ದೂರವಾಣಿಯಲ್ಲಿ ಕರೆದು, ಇನ್ನು ಕೆಲವು ತಿಂಗಳು ಇರಬೇಕೆಂದು ಕೇಳಿಕೊಂಡರು.

ಹೀಗೆ 2024ರ ಜೂನ್‌ನಲ್ಲಿ ದ್ರಾವಿಡರು ಮತ್ತೆ ವೆಸ್ಟ್ ಇಂಡೀಸಿಗೆ ಹೋದರು. ಹದಿನೇಳು ವರ್ಷಗಳ ಹಿಂದೆ ನಾಯಕರಾಗಿ ತಲೆತಗ್ಗಿಸಿ ಬಿಟ್ಟುಬಂದಿದ್ದ ದ್ವೀಪಗಳವು. ಜೂನ್ 29ರಂದು ಬ್ರಿಡ್ಜ್‌ಟೌನಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು 30 ಎಸೆತಗಳಲ್ಲಿ 30 ಓಟಗಳು ಸಾಕಾಗಿದ್ದವು. ತರಬೇತುದಾರನ ಸಂಕಟವೇನೆಂಬುದು ಅಂತಹ ಗಳಿಗೆಯಲ್ಲಿ ತಿಳಿಯುತ್ತದೆ. ಆಟಗಾರನಾದರೆ ಓಡಿ ಚೆಂಡನ್ನಾದರೂ ತಡೆಯಬಹುದು. ಗೆರೆಯಾಚೆ ಕುಳಿತವನು ಮಾಡಬಹುದಾದದ್ದು ಏನೂ ಇಲ್ಲ. ಭಾರತ 7 ಓಟಗಳಿಂದ ಗೆದ್ದಿತು. ವಿರಾಟ್ ಕೊಹ್ಲಿ ಕಪ್ಪನ್ನು ತಂದು ದ್ರಾವಿಡರ ಕೈಗಿತ್ತಾಗ, ಮಿತಭಾಷಿಯೆಂದು ಹೆಸರಾದ ಆ ಮನುಷ್ಯ ಅದನ್ನು ಎತ್ತಿ ಹಿಡಿದು ಗರ್ಜಿಸಿದರು. ಈ ಸಲವೂ ಬಹುಮಾನದ ಹಣದಲ್ಲಿ ಸಹತರಬೇತುದಾರರಷ್ಟೇ ಪಾಲನ್ನು ಕೇಳಿ ಪಡೆದರೆಂದು ಪತ್ರಿಕೆಗಳು ವರದಿ ಮಾಡಿದವು.

ಆಮೇಲೆ ಅವರು ರಾಜಸ್ಥಾನ್ ರಾಯಲ್ಸ್ ತಂಡದ ತರಬೇತುದಾರರಾದರು. ತಂಡ ಹೆಚ್ಚು ಪಂದ್ಯಗಳನ್ನು ಗೆಲ್ಲಲಿಲ್ಲ. ಒಂದೇ ಋತುವಿನ ಬಳಿಕ, 2025ರ ಆಗಸ್ಟ್‌ನಲ್ಲಿ, ಆ ಹೊಣೆಯಿಂದ ಬಿಡುಗಡೆ ಹೊಂದಿದರು. ಆ ಋತು ಆರಂಭವಾಗುವ ಮೊದಲು ಬೆಂಗಳೂರಿನಲ್ಲಿ ಕ್ರಿಕೆಟ್ ಆಡುತ್ತಿದ್ದಾಗ ಅವರ ಕಾಲಿಗೆ ಪೆಟ್ಟಾಗಿತ್ತು. ಕಂಕುಳಿಗೆ ಊರುಗೋಲು ಕೊಟ್ಟುಕೊಂಡೇ ಹುಡುಗರ ಅಭ್ಯಾಸಕ್ಕೆ ಬರುತ್ತಿದ್ದರು. ಪಂದ್ಯಗಳ ಹೊತ್ತಿನಲ್ಲಿ ಗಾಲಿಕುರ್ಚಿಯಲ್ಲಿ ಕೂರುತ್ತಿದ್ದರು. ಏಪ್ರಿಲ್ 28ರ ರಾತ್ರಿ ಜೈಪುರದಲ್ಲಿ, ಬಿಹಾರದಿಂದ ಬಂದ ಹದಿನಾಲ್ಕು ವರ್ಷದ ಬಾಲಕ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕವನ್ನು ಪೂರೈಸಿದ. ಕಾಲಿನ ನೋವನ್ನು ಮರೆತ ದ್ರಾವಿಡರು ಗಾಲಿಕುರ್ಚಿಯಿಂದ ಎದ್ದು ನಿಂತು, ಎರಡೂ ಕೈಗಳನ್ನು ಮೇಲೆತ್ತಿದರು.