ಮಲ್ಲರ ಬೆಳ್ಳಿಯ ಗದೆ

ಅಕ್ಟೋಬರ್ 23 ಬಂದಿತೆಂದರೆ ಕಿತ್ತೂರಿನಲ್ಲಿ ಉತ್ಸವದ ಸಂಭ್ರಮ. 1824ರ ಅದೇ ದಿನ ರಾಣಿ ಚೆನ್ನಮ್ಮನ ಸೈನ್ಯವು ಕಂಪನಿಯ ಪಡೆಯನ್ನು ಮಣಿಸಿತು. ಕಲೆಕ್ಟರ್ ಥ್ಯಾಕರೆ ಹತನಾದನು. ಆ ವಿಜಯದ ನೆನಪಿನಲ್ಲಿ ನಡೆಯುವ ಉತ್ಸವದಲ್ಲಿ ಕುಸ್ತಿಗೂ ಸ್ಥಾನವುಂಟು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸುತ್ತಿನ ಹಳ್ಳಿಗಳಲ್ಲಂತೂ ಜಾತ್ರೆಯ ಮಾತು ಬಂದರೆ ಕುಸ್ತಿಯ ಮಾತು ಬಾರದಿರದು. ಹಲಗೆಯ ಸದ್ದಿಗೆ ತೊಡೆ ತಟ್ಟಿ ಕಣಕ್ಕಿಳಿಯುವ ಹುಡುಗನ ಕನಸಾದರೂ ಏನು? ಹೆಗಲ ಮೇಲೊಂದು ಬೆಳ್ಳಿಯ ಗದೆ, ಹೆಸರಿನೊಡನೆ ‘ಕೇಸರಿ’ ಎಂಬ ಬಿರುದು!

ಈ ಬಿರುದಿಗೂ ಒಂದು ಚರಿತ್ರೆಯಿದೆ. ಹಿಂದೆ ದೇಶದ ಮಲ್ಲರಲ್ಲಿ ಅಗ್ರಗಣ್ಯನೆನಿಸಿದವನಿಗೆ ‘ರುಸ್ತುಂ-ಎ-ಹಿಂದ್’ ಎಂಬ ಪ್ರಶಸ್ತಿ ಸಲ್ಲುತ್ತಿತ್ತು. ರುಸ್ತುಮನು ಪಾರಸಿಕ ಪುರಾಣದ ವೀರ. 1910ರಲ್ಲಿ ಲಂಡನ್ನಿನಲ್ಲಿ ಕೀರ್ತಿ ಗಳಿಸಿ ಬಂದ ಗಾಮಾ ಪೈಲ್ವಾನನು ಆ ಬಿರುದನ್ನು ಧರಿಸಿದ್ದನು. ಅಂದು ಮಲ್ಲರಿಗೆ ಹಾಲು, ತುಪ್ಪ, ಬಾದಾಮಿಗಳ ವೆಚ್ಚಕ್ಕೆ ಸಂಸ್ಥಾನಗಳ ಅರಸರೇ ಆಸರೆ. ಸ್ವಾತಂತ್ರ್ಯ ಬಂದಿತು, ಸಂಸ್ಥಾನಗಳು ಅಳಿದವು. ಆ ಬಳಿಕ, 1958ರಲ್ಲಿ, ‘ಹಿಂದ್ ಕೇಸರಿ’ ಸ್ಪರ್ಧೆ ಆರಂಭವಾಯಿತು. ಹೈದರಾಬಾದಿನಲ್ಲಿ ಮೊದಲ ಬಿರುದು ಪಡೆದವರು ರಾಮಚಂದ್ರ ಬಾಬು.

ಮರುವರ್ಷವೇ ಆ ಗದೆ ಬೆಳಗಾವಿ ಜಿಲ್ಲೆಯ ಮಗನ ಹೆಗಲೇರಿತು. ಚಿಕ್ಕೋಡಿಯ ಕಡೆಯ ಯಕ್ಸಂಬಾ ಗ್ರಾಮದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಕೆಡವಿ ಹಿಂದ್ ಕೇಸರಿಯಾದರು. ಅವರು ಪಳಗಿದ್ದು ಕೊಲ್ಹಾಪುರದಲ್ಲಿ. ಶಾಹು ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದ ಊರು ಅದು. ಅದಕ್ಕೆ ಮೂರೇ ವರ್ಷ ಮೊದಲು, 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಕೊಲ್ಹಾಪುರ ಮುಂಬಯಿ ರಾಜ್ಯದಲ್ಲೇ ಉಳಿದಿತ್ತು. ಗಡಿ ಬೇರೆಯಾಯಿತು, ಗರಡಿ ಬೇರೆಯಾಗಲಿಲ್ಲ. ಖಂಚನಾಳೆಯವರು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ‘ನಮ್ಮವರು’ ಎನ್ನಬಹುದಾಗಿತ್ತು.

ಅವರ ನಂತರ 1960ರಲ್ಲಿ ಗಣಪತರಾವ್ ಆಂದಳಕರ್, 1964ರಲ್ಲಿ ಮಾರುತಿ ಮಾನೆ ಗದೆಯನ್ನೆತ್ತಿದರು. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಜಾತ್ರೆಗಳ ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದಾಗಲೇ ತೀರ್ಮಾನ. ಒಲಿಂಪಿಕ್ಸ್ ಮೊದಲಾದ ಕಡೆ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ, ಗಡಿಯಾರ ಮತ್ತು ಅಂಕಗಳ ಲೆಕ್ಕದಲ್ಲಿ. ಮಣ್ಣಿನ ಮಲ್ಲರಿಗೆ ಅಲ್ಲೇನು ಕೆಲಸವೆಂದು ಹಳಿಯುವವರುಂಟು. ಆದರೆ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಆಂದಳಕರ್ ಮತ್ತು ಮಾನೆ ಇಬ್ಬರೂ ತಲಾ ಒಂದು ಚಿನ್ನ, ಒಂದು ಬೆಳ್ಳಿಯೊಡನೆ ಮರಳಿದರು!

ಹಾಗೆಂದು ಮಣ್ಣೊಂದೇ ಸಾಕೆನ್ನಲಾಗದು. ಇಂದು ಹಳ್ಳಿಯ ಹುಡುಗನಿಗೆ ಮ್ಯಾಟೂ ಬೇಕು, ಅದರ ಮೇಲೆ ಕಲಿಸುವ ಗುರುವೂ ಬೇಕು. ಅರಸರಿಲ್ಲದ ಈ ಕಾಲದಲ್ಲಿ ಅವನ ಹಾಲು ಬಾದಾಮಿಗಳ ಭಾರ ಬೀಳುವುದು ಹೊಲದಲ್ಲಿ ದುಡಿಯುವ ತಂದೆತಾಯಿಗಳ ಮೇಲೆ. ಗೆದ್ದವನ ಹೆಗಲಿನ ಗದೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ಅಲ್ಲಿಯವರೆಗೆ ಹೊತ್ತು ತಂದ ಮನೆಯವರ ಹೆಗಲನ್ನೂ ನಾವು ಒಮ್ಮೆ ನೆನೆಯಬೇಡವೆ?