ಅಂಗೈಯೊಳಗಿನ ಡಂಗುರ

ಮನುಷ್ಯನು ಮಾತನಾಡುವ ಪ್ರಾಣಿ. ಮಾತನಾಡಿದರಷ್ಟೇ ಅವನಿಗೆ ಸಾಲದು. ತನ್ನ ಮಾತು ನಾಲ್ಕು ಜನರ ಕಿವಿಗೆ ಬೀಳಬೇಕೆಂಬುದು ಅವನ ಹಂಬಲ. ನಮ್ಮ ಬಳಿಚಕ್ರದಲ್ಲಿ ಹಿಂದೆ ಈ ಕಾರ್ಯಕ್ಕೆ ಡಂಗುರವಿತ್ತೆಂದು ನಮ್ಮ ಅಜ್ಜ ಹೇಳುತ್ತಾರೆ. ಜಾತ್ರೆಯ ದಿನ ಗೊತ್ತಾದರೆ, ಕಂದಾಯದ ಗಡುವು ಬಂದರೆ, ಹಲಗೆಯವನು ಅಗಸಿಯಿಂದ ಮೊದಲುಮಾಡಿ ಓಣಿ ಓಣಿಗೂ ನಿಂತು ಕೂಗುತ್ತಿದ್ದನಂತೆ. ಆ ಡಂಗುರಕ್ಕೆ ಎರಡು ಲಕ್ಷಣಗಳಿದ್ದವು. ಒಂದು, ಹೇಳಿಸಿದವರು ಯಾರೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಸಂಶಯ ಬಂದವನು ಚಾವಡಿಗೆ ಹೋಗಿ ಕೇಳಬಹುದಾಗಿತ್ತು. ಎರಡು, ಊರ ಮಾತನ್ನೆಲ್ಲ ಕೂಗುತ್ತಿದ್ದ ಹಲಗೆಯವನಿಗೆ ತನ್ನ ಮನೆಯ ಸಂಕಟವನ್ನು ಕೂಗುವ ಹಕ್ಕಿರಲಿಲ್ಲ.

ಇಂದು ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೊದಲಾದ ಸಾಮಾಜಿಕ ಜಾಲತಾಣಗಳು ಡಂಗುರವನ್ನು ಪ್ರತಿಯೊಬ್ಬನ ಅಂಗೈಗೆ ತಂದಿಟ್ಟಿವೆ. ಯಾರು ಬೇಕಾದರೂ ತಮ್ಮ ಮಾತನ್ನು ತಾವೇ ಸಾರಬಹುದು. ಇದು ಸಣ್ಣ ಲಾಭವಲ್ಲ. ಆದರೆ ಈ ಹೊಸ ಡಂಗುರದಲ್ಲಿ ಹೇಳಿಸಿದವರು ಯಾರೆಂಬುದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಕಲೆ, ಬಾಂಧವ್ಯ, ವ್ಯಾಪಾರ ಎಂಬ ಮೂರು ಕ್ಷೇತ್ರಗಳಲ್ಲಿ ಇದರ ಲಾಭನಷ್ಟಗಳನ್ನು ವಿವೇಚಿಸುವುದೇ ಈ ಕಿರುಲೇಖನದ ಉದ್ದೇಶ.

ಮೊದಲು ಈ ಯಂತ್ರವು ನಡೆಯುವ ಬಗೆಯನ್ನು ನೋಡೋಣ. ಫೇಸ್‌ಬುಕ್ ಹುಟ್ಟಿದುದು 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ವಾಟ್ಸಾಪ್ 2009ರಲ್ಲಿ, ಇನ್‌ಸ್ಟಾಗ್ರಾಮ್ 2010ರಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಇಂಟರ್‌ನೆಟ್ಟಿನ ದರವು ಇಳಿದು, ಇವು ಹಳ್ಳಿಯ ಕಟ್ಟೆಗೂ ಬಂದವು. ಇವುಗಳಲ್ಲಿ ನೋಡುವುದಕ್ಕೆ ನಾವು ಸಾಮಾನ್ಯವಾಗಿ ಕಾಸು ಕೊಡುವುದಿಲ್ಲ. ಹಾಗಾದರೆ ನಡೆಸುವವರಿಗೆ ಹಣವೆಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಜಾಹೀರಾತಿನಿಂದ. ನಾವು ಕಣ್ಣಿಟ್ಟು ನೋಡುವ ಹೊತ್ತೇ ಅಲ್ಲಿ ಮಾರಾಟದ ಸರಕು. ಯಾವ ವಿಡಿಯೋವನ್ನು ಎಷ್ಟು ಹೊತ್ತು ನೋಡಿದೆವು, ಯಾವುದನ್ನು ಮೆಚ್ಚಿದೆವು, ಯಾವುದನ್ನು ಅರ್ಧಕ್ಕೆ ಬಿಟ್ಟೆವು ಎಂಬುದನ್ನೆಲ್ಲ ಗಣಕಯಂತ್ರವು ಲೆಕ್ಕವಿಟ್ಟು, ನಮ್ಮನ್ನು ಕೂರಿಸಬಲ್ಲ ಮತ್ತೊಂದನ್ನು ಮುಂದೆ ತಂದಿಡುತ್ತದೆ. ವಾಟ್ಸಾಪಿನಲ್ಲಿ ಬರುವ ಸಂದೇಶಗಳ ಮಾತು ಬೇರೆ. ಅಲ್ಲಿ ಆರಿಸಿ ಕಳುಹಿಸುವವರು ನಾವೇ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಕಲೆಯ ಮಾತು. ನಮ್ಮ ಭಾಗದ ದೊಡ್ಡಾಟ, ಭಜನೆ, ಮೊಹರಮ್ಮಿನ ಪದಗಳು ಹಿಂದೆ ಒಂದು ರಾತ್ರಿ ಊರನ್ನು ತಣಿಸಿ ಬೆಳಗಾಗುವುದರೊಳಗೆ ಮುಗಿದುಹೋಗುತ್ತಿದ್ದವು. ಈಗ ಯಾವನೋ ಹುಡುಗನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರೆ ಅದೇ ಪದವನ್ನು ಮುಂಬಯಿಯಲ್ಲಿರುವ ಊರವನೂ ಕೇಳುತ್ತಾನೆ. ಪಟ್ಟಣದಲ್ಲಿ ಆಡಲು ನಾವು ನಾಚುತ್ತಿದ್ದ ಉತ್ತರ ಕರ್ನಾಟಕದ ಮಾತಿನಲ್ಲಿಯೇ ಇಂದು ಹಾಸ್ಯದ ವಿಡಿಯೋಗಳು ಬರುತ್ತಿವೆ. ರಾಜ್ಯದ ಎಲ್ಲ ಕಡೆಯ ಜನರೂ ನೋಡಿ ನಗುತ್ತಾರೆ. ಭಾಷೆಗೆ ಇದರಿಂದ ಧೈರ್ಯ ಬಂದಿದೆ.

ಆದರೆ ಕಲಾವಿದನ ಕಣ್ಣು ಲೆಕ್ಕದ ಮೇಲೆ ನೆಟ್ಟರೆ ಕಷ್ಟ. ಯೂಟ್ಯೂಬಿನಲ್ಲಿ ಉದ್ದದ ವಿಡಿಯೋಗಳನ್ನು ಹಾಕುವವನು ಜಾಹೀರಾತಿನ ಪಾಲು ಪಡೆಯಬೇಕಾದರೆ 1000 ಚಂದಾದಾರರೂ, 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆಯೂ ಬೇಕು. ಆದುದರಿಂದ ಒಂದು ಹಾಡು ಓಡಿದರೆ ಅದರ ಧಾಟಿಯಲ್ಲಿಯೇ ಹತ್ತು ಹಾಡುಗಳು ಹುಟ್ಟುತ್ತವೆ. ಇದಲ್ಲದೆ, ಈ ನೆಲ ಕಲಾವಿದನದಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಹೆಸರು ಮಾಡಿದ್ದ ಹಳ್ಳಿಯ ಹುಡುಗ ಹುಡುಗಿಯರು ತಮ್ಮ ನೋಡುಗರನ್ನೆಲ್ಲ ಒಮ್ಮೆಲೇ ಕಳೆದುಕೊಂಡರು. ನಿಷೇಧದ ಕಾರಣಗಳೇನೇ ಇರಲಿ, ಲಾವಣಿಗೆ ಹಾಕಿಕೊಂಡ ಹೊಲದಲ್ಲಿ ಬಾವಿ ತೋಡಿದವನ ಸ್ಥಿತಿ ಅವರದಾಯಿತು.

ಬಾಂಧವ್ಯದ ವಿಷಯಕ್ಕೆ ಬಂದರೆ, ಗುಳೆ ಹೋಗುವ ನಮ್ಮ ಜಿಲ್ಲೆಗೆ ಇದರ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತು. ಸುಗ್ಗಿ ಮುಗಿದೊಡನೆ ಬೆಂಗಳೂರು, ಹೈದರಾಬಾದು, ಪುಣೆಗಳ ಕಟ್ಟಡದ ಕೆಲಸಕ್ಕೆ ಹೋಗುವವರು ಎಷ್ಟು ಜನ! ಹಿಂದೆ ಅವರ ಸುದ್ದಿ ತಿಳಿಯಬೇಕಾದರೆ ಯಾರಾದರೂ ಊರಿಗೆ ಮರಳಬೇಕಾಗಿತ್ತು. ನಮ್ಮ ನೆರೆಮನೆಯ ಕಾಕು ತನ್ನ ಮೊಮ್ಮಗಳು ಮೊದಲ ಹೆಜ್ಜೆ ಇಟ್ಟುದನ್ನು ಫೋನಿನಲ್ಲಿಯೇ ಕಂಡಳು. ಗುಳೆಯ ದುಃಖವನ್ನು ಫೋನು ಕಳೆಯಲಾರದು. ಆದರೆ ಆ ಸಂಜೆ ಅದು ಸ್ವಲ್ಪ ಹಗುರವಾಯಿತು.

ವ್ಯಾಪಾರದಲ್ಲಿಯೂ ಹೀಗೆಯೇ. 2020ರ ಏಪ್ರಿಲಿನ ಲಾಕ್‌ಡೌನಿನಲ್ಲಿ ಹಿರಿಯೂರು ತಾಲೂಕಿನ ರೈತ ಮಹಿಳೆಯೊಬ್ಬರು ತಮ್ಮ ಈರುಳ್ಳಿಗೆ ಮಾರುಕಟ್ಟೆಯಿಲ್ಲವೆಂದು ವಿಡಿಯೋದಲ್ಲಿ ಹೇಳಿಕೊಂಡರು. ಅದು ಎಲ್ಲೆಡೆ ಹರಡಿ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಅವರಿಗೆ ಫೋನು ಮಾಡಿದರು. ತನ್ನ ಸಂಕಟವನ್ನು ಕೂಗುವ ಹಕ್ಕು ಸಿಕ್ಕಿತೆಂದರೆ ಇದೇ. ಆದರೆ ಎಲ್ಲ ರೈತರಿಗೂ ಮುಖ್ಯಮಂತ್ರಿಗಳ ಫೋನು ಬರುವುದು ಸಾಧ್ಯವೆ? ನಿಲ್ಲತಕ್ಕ ವ್ಯಾಪಾರಕ್ಕೆ ಪ್ರಚಾರದ ಹಿಂದೆ ಸಂಘಟನೆ ಬೇಕು. ನಮ್ಮ ನೆರೆಯ ಕಲಬುರಗಿಯ ಮಹಿಳೆಯರ ಜೋಳದ ರೊಟ್ಟಿ ಇದಕ್ಕೆ ಉದಾಹರಣೆ. ಅವರು ಸಹಕಾರ ಸಂಘ ಕಟ್ಟಿ, ದಿನವೊಂದಕ್ಕೆ 3000ಕ್ಕೂ ಹೆಚ್ಚು ರೊಟ್ಟಿ ತಯಾರಿಸಿ, ಆನ್‌ಲೈನಿನಲ್ಲಿಯೂ ಮಾರುವುದನ್ನು 2025ರ ಜೂನಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಹೇಳಿದರು. ಅಲ್ಲಿ ಮೊಬೈಲು ಗಿರಾಕಿಯನ್ನು ಕರೆದು ತರುತ್ತದೆ. ರೊಟ್ಟಿ ಬಡಿಯುವುದು ಕೈಯೇ.

ಇಷ್ಟು ಲಾಭಗಳನ್ನು ಹೇಳಿದ ಮೇಲೆ ಒಂದು ಘೋರ ಸಂಗತಿಯನ್ನೂ ಹೇಳದಿರಲಾರೆ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನನ್ನು ಗುಂಪು ಬಡಿದು ಕೊಂದಿತು. ಗೆಳೆಯರೊಡನೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿ ಮುರ್ಕಿಯಲ್ಲಿ ದಾರಿ ಕಟ್ಟಿತು. ದೇಶದಲ್ಲಿ ಇಂಥ ಹತ್ಯೆಗಳು ಹಲವಾದಾಗ, ಅದೇ ತಿಂಗಳು ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಕಳುಹಿಸದಂತೆ ಮಿತಿ ಹಾಕಿತು. ಆದರೂ ತಲಾ 200 ಜನರ ಐದು ಗುಂಪುಗಳೆಂದರೆ 1000 ಜನ. ಅವರಲ್ಲಿ ಹತ್ತು ಮಂದಿ ಹೀಗೆಯೇ ಮಾಡಿದರೆ ಮತ್ತೆ 10000! ಯಂತ್ರದ ಮಿತಿ ಮನುಷ್ಯನ ವಿವೇಕಕ್ಕೆ ಬದಲಾಗಲಾರದು.

ಅನ್ಯರನ್ನು ದೂಷಿಸುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮರುದಿನವೇ ರೇಶನ್ ಕಾರ್ಡಿನ ಝೆರಾಕ್ಸ್ ಕೊಡದಿದ್ದರೆ ಅಕ್ಕಿ ನಿಲ್ಲುವುದೆಂಬ ಸಂದೇಶವೊಂದು ಒಮ್ಮೆ ನನಗೆ ಬಂದಿತು. ಉಪಕಾರವೆಂದೇ ಭಾವಿಸಿ ಅದನ್ನು ಊರಿನ ಗುಂಪಿಗೆ ಕಳುಹಿಸಿದೆ. ಬೆಳಗಾದೊಡನೆ ನಮ್ಮ ಓಣಿಯ ಐದಾರು ಹೆಣ್ಣುಮಕ್ಕಳು ಹತ್ತಿ ಬಿಡಿಸುವ ಕೂಲಿ ಬಿಟ್ಟು ಬಸ್ಸು ಹತ್ತಿ ಯಾದಗಿರಿಗೆ ಹೋದರು. ಅಂಥ ಆದೇಶವೇ ಇರಲಿಲ್ಲ. ಸಂಜೆ ಬರಿಗೈಯಲ್ಲಿ ಮರಳಿದರು. ನನಗೆ ಯಾರೂ ಬಯ್ಯಲಿಲ್ಲ. ಅಜ್ಜ ಮಾತ್ರ, “ಯಾರ್ ಹೇಳ್ಯಾರಪ ಇದು?” ಎಂದು ಕೇಳಿದರು. “ಮೊಬೈಲಿನಾಗ ಬಂದಿತ್ತು, ಅಜ್ಜಾ” ಎಂದೆ. “ಮೊಬೈಲು ಹೇಳಲಿಲ್ಲಪ, ನೀ ಹೇಳಿದಿ” ಎಂದರು. ಆ ಹೆಣ್ಣುಮಕ್ಕಳು ಬಸ್ಸು ಹತ್ತಿದುದು ನನ್ನ ಹೆಸರನ್ನು ನೋಡಿ. ಕಾಲೇಜಿಗೆ ಹೋಗುವ ಹುಡುಗ ಸುಳ್ಳು ಕಳುಹಿಸನೆಂದು ನಂಬಿ.

ಮಿತ್ರರೆ, ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಾದ ನಮ್ಮ ಮಾತಿಗೆ ನಮ್ಮ ಊರುಗಳಲ್ಲಿ ಅಂಥ ಬೆಲೆಯುಂಟು. ಹಾಡಿರಲಿ, ಸರಕಿರಲಿ, ಸುದ್ದಿಯಿರಲಿ, ಅದನ್ನು ಧಾರಾಳವಾಗಿ ಸಾರೋಣ. ನಮ್ಮ ಹಿರಿಯರಿಗಿಲ್ಲದ ಹಕ್ಕು ನಮಗೆ ದೊರೆತಿದೆ. ಆದರೆ ಬಂದುದನ್ನು ಮುಂದಕ್ಕೆ ಕಳುಹಿಸುವ ಮುನ್ನ, ಇದನ್ನು ಹೇಳಿದವರು ಯಾರೆಂದು ಕೇಳಿಕೊಳ್ಳೋಣ. ಉತ್ತರ ಸಿಗದಿದ್ದರೆ ಸಂದೇಶ ನಮ್ಮಲ್ಲಿಯೇ ನಿಲ್ಲಲಿ. ಈಗ ಸಂಶಯ ಬಂದವರು ಹೋಗಿ ಕೇಳಲು ಚಾವಡಿಯಿಲ್ಲ. ಅವರು ಕೇಳುವುದು ನಮ್ಮನ್ನೇ.