ಕನ್ನಡಿಯಿಲ್ಲದ ಕ್ಯಾಮೆರಾ: ಸುಧಾರಣೆಗೆ ಇನ್ನೆಷ್ಟು ಅವಕಾಶ?

ಕ್ಯಾಮೆರಾ ಹಾಗೂ ಛಾಯಾಗ್ರಹಣ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿರುವ ವರ್ತಕರ ಮುಂದೆ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದು ನಿಲ್ಲುತ್ತಿದೆ. ಗಾಜಿನ ಕಪಾಟಿನಲ್ಲಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳನ್ನೂ ಅವುಗಳಿಗೆ ಹೊಂದುವ ಲೆನ್ಸ್‌ಗಳನ್ನೂ ಸಿಕ್ಕ ಬೆಲೆಗೆ ಖಾಲಿ ಮಾಡಬೇಕೇ, ಅಥವಾ ಮಿರರ್‌ಲೆಸ್ ಎಂಬ ಹೊಸ ಬಗೆಯ ಭರಾಟೆ ಒಂದು ಹಂತಕ್ಕೆ ಬಂದು ನಿಲ್ಲುವವರೆಗೆ ಕಾಯಬಹುದೇ? ಮಿರರ್‌ಲೆಸ್ ಕ್ಯಾಮೆರಾ ಈಗಾಗಲೇ ತನ್ನ ಪರಾಕಾಷ್ಠೆಯನ್ನು ತಲುಪಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಅದು ಇನ್ನೂ ಬೆಳೆಯುವ ವಸ್ತುವಾಗಿದ್ದರೆ ಕಾದಷ್ಟೂ ದಾಸ್ತಾನಿನ ಬೆಲೆ ಕರಗುತ್ತಲೇ ಹೋಗುತ್ತದೆ. ಆದುದರಿಂದ ತಾಂತ್ರಿಕವೆಂದು ತೋರುವ ಈ ಪ್ರಶ್ನೆ ವಾಸ್ತವವಾಗಿ ಬಂಡವಾಳದ ಪ್ರಶ್ನೆಯಾಗಿದೆ.

ಮಾರುಕಟ್ಟೆ ಯಾವ ಕಡೆಗೆ ವಾಲಿದೆ ಎಂಬುದಕ್ಕೆ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ ಅಂಕಿಅಂಶಗಳ ಪ್ರಕಾರ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳ ರವಾನೆ 2012ರಲ್ಲಿ ಸುಮಾರು 2 ಕೋಟಿಗೆ ಏರಿ ಶಿಖರ ಮುಟ್ಟಿತು. ಅದರಲ್ಲಿ ಡಿಎಸ್‌ಎಲ್‌ಆರ್‌ಗಳೇ 1 ಕೋಟಿ 60 ಲಕ್ಷಕ್ಕಿಂತ ಹೆಚ್ಚು. 2020ರಲ್ಲಿ ಮೊದಲ ಬಾರಿಗೆ ಮಿರರ್‌ಲೆಸ್ ಸಂಖ್ಯೆ ಮೇಲಾಯಿತು: ಸುಮಾರು 29 ಲಕ್ಷಕ್ಕೆ ಎದುರಾಗಿ ಸುಮಾರು 24 ಲಕ್ಷ. 2023ರಲ್ಲಿ ಮಿರರ್‌ಲೆಸ್ ಸುಮಾರು 48 ಲಕ್ಷವಾದರೆ ಡಿಎಸ್‌ಎಲ್‌ಆರ್ 12 ಲಕ್ಷದ ಒಳಗೆ ಉಳಿಯಿತು. ಕ್ಯಾನನ್ ಮತ್ತು ನಿಕಾನ್ ಕಂಪನಿಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ಹೊರತಂದಿಲ್ಲ. ಸೋನಿ 2021ರಲ್ಲಿ ತನ್ನ ಹಳೆಯ ಎ-ಮೌಂಟ್ ಕ್ಯಾಮೆರಾಗಳನ್ನು ನಿಲ್ಲಿಸಿತು. ಪೆಂಟಾಕ್ಸ್ ಒಂದೇ ಹಳೆಯ ಪಂಥದಲ್ಲಿ ನಿಷ್ಠೆಯಿಂದ ಉಳಿದಿದೆ.

ಆದರೆ ಒಟ್ಟು ಮಾರುಕಟ್ಟೆಯೇ ಕುಗ್ಗಿರುವುದನ್ನು ಇಲ್ಲಿ ಮರೆಯುವಂತಿಲ್ಲ. ಮಿರರ್‌ಲೆಸ್ ಗೆದ್ದಿರುವುದು ಹಿಂದಿಗಿಂತ ಚಿಕ್ಕದಾದ ಅಖಾಡದಲ್ಲಿ.

ಕನ್ನಡಿ ಮಾಡುವ ಕೆಲಸ, ಮಾಡುವ ಅಡ್ಡಿ

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ನ ಹಿಂದೆ 45 ಡಿಗ್ರಿ ಕೋನದಲ್ಲಿ ಒಂದು ಕನ್ನಡಿ ಇರುತ್ತದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ, ಗಾಜಿನ ಪಟ್ಟಕದ ಮೂಲಕ ಛಾಯಾಗ್ರಾಹಕನ ಕಣ್ಣಿಗೆ ತಲುಪಿಸುತ್ತದೆ. ಅದರ ಹಿಂಬದಿಯಲ್ಲಿರುವ ಇನ್ನೊಂದು ಚಿಕ್ಕ ಕನ್ನಡಿ ಬೆಳಕಿನ ಒಂದು ಪಾಲನ್ನು ಕೆಳಗಿರುವ ಫೋಕಸ್ ಘಟಕಕ್ಕೆ ಕಳುಹಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಎರಡೂ ಕನ್ನಡಿಗಳು ಮೇಲಕ್ಕೆದ್ದು ದಾರಿ ಬಿಡಬೇಕು, ಶಟರ್ ತೆರೆದು ಮುಚ್ಚಬೇಕು, ಕನ್ನಡಿಗಳು ಮರಳಿ ಕೆಳಗಿಳಿದು ಅಲುಗಾಡದೆ ನಿಲ್ಲಬೇಕು. ಇದೆಲ್ಲವೂ ಸೆಕೆಂಡಿಗೆ ಹತ್ತಾರು ಬಾರಿ ನಡೆಯಬೇಕೆಂದರೆ ಯಂತ್ರಶಿಲ್ಪದ ಪವಾಡವೇ ಬೇಕು. ಆ ಪವಾಡವನ್ನು ಜಪಾನಿನ ಇಂಜಿನಿಯರುಗಳು ಸಾಧಿಸಿದರು. ಸಾಧಿಸಿದ್ದರಿಂದಲೇ ಅದರ ಮಿತಿಯನ್ನೂ ಕಂಡುಕೊಂಡರು.

2020ರ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಇದಕ್ಕೆ ಉತ್ತಮ ನಿದರ್ಶನ. ವ್ಯೂಫೈಂಡರ್ ಮೂಲಕ ನೋಡಿ ತೆಗೆದರೆ ಅದು ಸೆಕೆಂಡಿಗೆ 16 ಚಿತ್ರಗಳನ್ನು ತೆಗೆಯುತ್ತದೆ. ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಹಿಂಬದಿಯ ಪರದೆಯನ್ನು ನೋಡಿ ತೆಗೆದರೆ ಅದೇ ಕ್ಯಾಮೆರಾ 20 ಚಿತ್ರಗಳನ್ನು ತೆಗೆಯುತ್ತದೆ. ಕಂಪನಿಯ ಅತ್ಯುನ್ನತ ಡಿಎಸ್‌ಎಲ್‌ಆರ್ ತನ್ನ ಕನ್ನಡಿಯನ್ನು ಬದಿಗಿಟ್ಟಾಗ ಹೆಚ್ಚು ವೇಗ ಪಡೆಯಿತೆಂಬುದು ಯಾವ ಮಾರುಕಟ್ಟೆ ವರದಿಗಿಂತಲೂ ಸ್ಪಷ್ಟವಾದ ಮಾತು. ಅದೇ ವರ್ಷದ ನಿಕಾನ್ ಡಿ780 ಕೂಡ ಕನ್ನಡಿ ಎತ್ತಿದಾಗ ಸೆನ್ಸರ್ ಮೇಲೆಯೇ ಫೋಕಸ್ ನಿರ್ಧರಿಸುವ ಮಿರರ್‌ಲೆಸ್ ಕ್ಯಾಮೆರಾದಂತೆಯೇ ವರ್ತಿಸುತ್ತದೆ.

ಇನ್ನೊಂದು ತೊಡಕು ಕಾರ್ಖಾನೆಯ ಒಳಗಿನದು. ಚಿತ್ರ ಮೂಡುವುದು ಸೆನ್ಸರ್ ಮೇಲೆ, ಫೋಕಸ್ ಅಳೆಯುವುದು ಕ್ಯಾಮೆರಾದ ತಳದ ಘಟಕದಲ್ಲಿ. ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರದಲ್ಲಿ ಕಣ್ಣಿನ ಬದಲು ಕಿವಿ ಸ್ಫುಟವಾಗುತ್ತದೆ. ಪ್ರತಿಯೊಂದು ಕ್ಯಾಮೆರಾವನ್ನೂ ಬಿಡಿಬಿಡಿಯಾಗಿ ಹೊಂದಿಸಬೇಕಾಗುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರವೂ ಫೋಕಸ್ ಅಳತೆಯೂ ಒಂದೇ ಸೆನ್ಸರ್‌ನಲ್ಲಿ ನಡೆಯುವುದರಿಂದ ಈ ದೋಷಕ್ಕೆ ಆಸ್ಪದವಿಲ್ಲ. ಬಿಡಿಭಾಗಗಳೂ ಕಡಿಮೆ, ಜೋಡಣೆಯ ಶ್ರಮವೂ ಕಡಿಮೆ. ಆ ಉಳಿತಾಯ ಗ್ರಾಹಕನಿಗೆ ತಲುಪಿದೆಯೇ ಎಂದು ಕೇಳಿದರೆ ವರ್ತಕರು ನಕ್ಕು ಸುಮ್ಮನಾಗುವುದೇ ಲೇಸು.

ಎಲ್ಲಿ ಇನ್ನೂ ಬೆಳೆಯಬೇಕು

ಪ್ಯಾನಸಾನಿಕ್‌ನ ಜಿ1 ಕ್ಯಾಮೆರಾ 2008ರಲ್ಲಿ ಬಂದಾಗ ವೃತ್ತಿಪರರು ಅದನ್ನು ಆಟಿಕೆಯಂತೆ ಕಂಡರು. 2013ರ ಸೋನಿ ಎ7 ಪೂರ್ಣ ಅಳತೆಯ ಸೆನ್ಸರ್ ಹೊಂದಿತ್ತಾದರೂ ಸಿಪಾ ಮಾನದಂಡದಂತೆ ಒಮ್ಮೆ ಚಾರ್ಜ್ ಮಾಡಿದ ಬ್ಯಾಟರಿಯಲ್ಲಿ 340 ಚಿತ್ರಗಳನ್ನಷ್ಟೇ ತೆಗೆಯಬಲ್ಲದಾಗಿತ್ತು. ಐದು ವರ್ಷಗಳ ನಂತರ ಬಂದ ಅದರ ಮೂರನೆಯ ಆವೃತ್ತಿ ದೊಡ್ಡ ಬ್ಯಾಟರಿಯೊಂದಿಗೆ 710ಕ್ಕೆ ಏರಿತು. ಆದರೂ ಇದೇ ಮಾನದಂಡದಲ್ಲಿ ನಿಕಾನ್ ಡಿ850 ಎಂಬ ಡಿಎಸ್‌ಎಲ್‌ಆರ್ 1,840 ಚಿತ್ರಗಳನ್ನು ನೀಡುತ್ತದೆ. ಕಾರಣ ಸರಳ. ಕನ್ನಡಿಯ ಮೂಲಕ ನೋಡಲು ವಿದ್ಯುತ್ ಬೇಕಿಲ್ಲ; ಮಿರರ್‌ಲೆಸ್‌ನಲ್ಲಿ ಕಣ್ಣಿಟ್ಟಿರುವಷ್ಟು ಹೊತ್ತೂ ಸೆನ್ಸರ್ ಮತ್ತು ಚಿಕ್ಕ ಪರದೆ ಉರಿಯುತ್ತಲೇ ಇರುತ್ತವೆ. ಬೆಳಗಿನ ಮುಹೂರ್ತದಿಂದ ರಾತ್ರಿಯ ಆರತಕ್ಷತೆಯವರೆಗೆ ನಿಲ್ಲುವ ಮದುವೆ ಛಾಯಾಗ್ರಾಹಕನಿಗೆ ಇದು ಸಣ್ಣ ವಿಷಯವಲ್ಲ. ಹೆಚ್ಚುವರಿ ಬ್ಯಾಟರಿಗಳ ಮಾರಾಟಕ್ಕೆ ಇದು ಆಧಾರವಾಗಿದೆ ಎಂಬುದು ಬೇರೆ ಮಾತು.

ಎರಡನೆಯ ಕೊರತೆ ಸೆನ್ಸರ್‌ನ ಓದುವ ವೇಗಕ್ಕೆ ಸಂಬಂಧಿಸಿದ್ದು. ಯಾಂತ್ರಿಕ ಶಟರ್ ಬಳಸದೆ ನಿಶ್ಶಬ್ದವಾಗಿ ಚಿತ್ರ ತೆಗೆಯುವಾಗ ಸಾಮಾನ್ಯ ಸೆನ್ಸರ್ ತನ್ನ ಸಾಲುಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಕಾಲದ ಅಂತರ ಉಳಿಯುವುದರಿಂದ ವೇಗವಾಗಿ ಚಲಿಸುವ ವಸ್ತು ಓರೆಯಾಗಿ ಕಾಣುತ್ತದೆ. ನಮ್ಮ ಕಲ್ಯಾಣಮಂಟಪಗಳ ಎಲ್‌ಇಡಿ ದೀಪಾಲಂಕಾರದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೂಡುವುದಕ್ಕೂ ಇದೇ ಕಾರಣ. ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿರುತ್ತದೆ, ಸೆನ್ಸರ್ ಅಷ್ಟು ವೇಗವಾಗಿ ಓದಲಾರದು. ಸ್ಟುಡಿಯೋದವರು ಹೊಸ ಕ್ಯಾಮೆರಾವನ್ನು ಅಂಗಡಿಗೆ ವಾಪಸು ತಂದು ದೋಷವಿದೆಯೆಂದು ದೂರುವ ಸಂದರ್ಭಗಳಲ್ಲಿ, ಯಾಂತ್ರಿಕ ಶಟರ್‌ಗೆ ಬದಲಾಯಿಸಿ ನೋಡಿ ಎಂದು ಹೇಳುವಷ್ಟು ತಿಳಿವಳಿಕೆ ಮಾರಾಟ ಸಿಬ್ಬಂದಿಗೆ ಇರಬೇಕಾದುದು ಅವಶ್ಯ.

ಈ ಕೊರತೆಯೇ ಮಿರರ್‌ಲೆಸ್‌ನ ಮುಂದಿನ ಬೆಳವಣಿಗೆಯ ದಾರಿಯೂ ಆಗಿದೆ. 2017ರ ಸೋನಿ ಎ9, ಪದರ ಜೋಡಿಸಿದ ವೇಗದ ಸೆನ್ಸರ್‌ನಿಂದ ಸೆಕೆಂಡಿಗೆ 20 ಚಿತ್ರಗಳನ್ನು, ವ್ಯೂಫೈಂಡರ್ ಒಮ್ಮೆಯೂ ಕತ್ತಲಾಗದಂತೆ ತೆಗೆದು ತೋರಿಸಿತು. 2021ರ ನಿಕಾನ್ ಝಡ್9 ಯಾಂತ್ರಿಕ ಶಟರ್ ಅನ್ನೇ ಕೈಬಿಟ್ಟಿತು. 2023ರ ಕೊನೆಯಲ್ಲಿ ಪ್ರಕಟವಾದ ಎ9ರ ಮೂರನೆಯ ಆವೃತ್ತಿಯಲ್ಲಿ ಎಲ್ಲ ಸಾಲುಗಳೂ ಏಕಕಾಲಕ್ಕೆ ಬೆಳಕನ್ನು ದಾಖಲಿಸುತ್ತವೆ. ಸೆಕೆಂಡಿಗೆ 120 ಚಿತ್ರಗಳು. ಇಂಥ ಸೆನ್ಸರ್‌ಗಳು ಇಂದು ದುಬಾರಿ ಮಾದರಿಗಳಲ್ಲಿವೆ. ಅವು ಮಧ್ಯಮ ಬೆಲೆಯ ಕ್ಯಾಮೆರಾಗಳಿಗೆ ಇಳಿದುಬರುವುದೇ ಮುಂದಿನ ವರ್ಷಗಳ ಮುಖ್ಯ ಸುಧಾರಣೆಯಾಗಲಿದೆ. ಡಿಎಸ್‌ಎಲ್‌ಆರ್‌ಗೆ ಈ ದಾರಿ ತೆರೆದಿಲ್ಲ. ಸೆನ್ಸರ್ ಎಷ್ಟೇ ವೇಗದ್ದಾದರೂ ಕನ್ನಡಿ ಕಾಯಿಸುತ್ತದೆ.

ಶಾಖದ ಸಮಸ್ಯೆಯೂ ಇದೆ. 2020ರ ಕ್ಯಾನನ್ ಆರ್5 ಕ್ಯಾಮೆರಾದಲ್ಲಿ 8ಕೆ ವಿಡಿಯೊ ಸುಮಾರು 20 ನಿಮಿಷ ದಾಖಲಾಗುತ್ತದೆ ಎಂದು ಕಂಪನಿ ತಿಳಿಸಿದ್ದು 23 ಡಿಗ್ರಿ ಉಷ್ಣಾಂಶದಲ್ಲಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ 23 ಡಿಗ್ರಿಯನ್ನು ನೆರಳಿನಲ್ಲೂ ಕಾಣುವುದು ಕಷ್ಟ. ಫರ್ಮ್‌ವೇರ್ ಮೂಲಕ ಸ್ವಲ್ಪ ಪರಿಹಾರ ದೊರೆಯಿತು, 2022ರಲ್ಲಿ ಫ್ಯಾನ್ ಇರುವ ಆರ್5 ಸಿ ಬಂದಿತು. ಬಿಸಿಲ ನಾಡಿನ ಗ್ರಾಹಕರಿಗೆ ಮಾರುವವರು ಪ್ರಚಾರಪತ್ರದ ಅಡಿಟಿಪ್ಪಣಿಗಳನ್ನು ಓದಿಯೇ ಭರವಸೆ ನೀಡುವುದು ಒಳ್ಳೆಯದು.

ಸುಧಾರಣೆ ಮುಗಿದಿರುವ ಜಾಗಗಳೂ ಇವೆ. ಒಂದೇ ಬಗೆಯ ಸೆನ್ಸರ್ ಹೊಂದಿದ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಮಂದ ಬೆಳಕಿನಲ್ಲಿ ಕಾಣುವ ಕಣಕಣವಾದ ಕಲೆಗಳ ದೊಡ್ಡ ಪಾಲು ಬೆಳಕಿನ ಸ್ವಭಾವದಿಂದಲೇ ಬರುವಂಥದ್ದು. ಯಾವ ಕಂಪನಿಯೂ ಅದನ್ನು ಪೂರ್ತಿ ಅಳಿಸಲಾರದು. ವೇಗಕ್ಕೂ ಬೆಲೆ ತೆರಬೇಕಾಗುತ್ತದೆ: ಮೇಲೆ ಹೇಳಿದ ಎ9ರ ಮೂರನೆಯ ಆವೃತ್ತಿಯ ಮೂಲ ಐಎಸ್‌ಒ 250, ಇತರ ಬಹುತೇಕ ಕ್ಯಾಮೆರಾಗಳದು 100ರ ಆಸುಪಾಸು. ತೂಕದ ಲಾಭವೂ ದೇಹಕ್ಕೆ ಸೀಮಿತ. ನಿಕಾನ್ ಡಿ850 ಬ್ಯಾಟರಿ ಸಹಿತ ಸುಮಾರು 1 ಕಿಲೊ ತೂಗಿದರೆ ಝಡ್7 ಸುಮಾರು 675 ಗ್ರಾಂ. ಆದರೆ ದೂರದ ಹಕ್ಕಿಯನ್ನು ಹತ್ತಿರ ತರುವ ದೊಡ್ಡ ಲೆನ್ಸ್‌ಗೆ ದೊಡ್ಡ ಗಾಜು ಬೇಕೇ ಬೇಕು, ಕನ್ನಡಿ ಇರಲಿ ಬಿಡಲಿ.

ಮೌಂಟ್ ಎಂಬ ಬೀಗ

ವರ್ತಕರ ದೃಷ್ಟಿಯಲ್ಲಿ ನಿಜವಾದ ಲೆಕ್ಕಾಚಾರ ಲೆನ್ಸ್‌ಗಳದು. ಲೆನ್ಸ್ ಕೂರುವ ಉಂಗುರದಿಂದ ಸೆನ್ಸರ್‌ಗಿರುವ ದೂರ ನಿಕಾನ್ ಎಫ್ ಮೌಂಟ್‌ನಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ. ಕನ್ನಡಿ ಹೋದ ಮೇಲೆ ಈ ದೂರ ನಿಕಾನ್ ಝಡ್‌ನಲ್ಲಿ 16, ಸೋನಿ ಇ ಮೌಂಟ್‌ನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20 ಮಿ.ಮೀ.ಗೆ ಇಳಿದಿದೆ. ಹೀಗೆ ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಉಂಗುರ ಕೂರಿಸಿದರೆ ಹಳೆಯ ಲೆನ್ಸ್ ಹೊಸ ದೇಹದ ಮೇಲೆ ಕೆಲಸ ಮಾಡುತ್ತದೆ. ಇದರ ವಿರುದ್ಧ ದಿಕ್ಕಿನಲ್ಲಿ, ಅಂದರೆ ಹೊಸ ಲೆನ್ಸ್ ಅನ್ನು ಹಳೆಯ ದೇಹಕ್ಕೆ ಉಂಗುರದಿಂದ ಹೊಂದಿಸಲು ಜಾಗವೇ ಇಲ್ಲ. ಕ್ಯಾನನ್ 2017ರ ವೇಳೆಗೇ 13 ಕೋಟಿ ಇಎಫ್ ಲೆನ್ಸ್‌ಗಳನ್ನು ತಯಾರಿಸಿತ್ತು. ಅವು ಒಂದೇ ದಿನದಲ್ಲಿ ಗುಜರಿಗೆ ಹೋಗುವುದಿಲ್ಲ. ಆದುದರಿಂದ ಡಿಎಸ್‌ಎಲ್‌ಆರ್ ದೇಹಗಳ ದಾಸ್ತಾನನ್ನು ತಡಮಾಡದೆ ಇಳಿಸುವುದೂ, ಒಳ್ಳೆಯ ಇಎಫ್ ಲೆನ್ಸ್‌ಗಳ ವಿಷಯದಲ್ಲಿ ಆತುರಪಡದಿರುವುದೂ ವಿವೇಕದ ನಡೆ. ನಿಕಾನ್ ಲೆನ್ಸ್‌ಗಳಲ್ಲಿ ಒಂದು ಎಚ್ಚರ ಬೇಕು: ಕ್ಯಾಮೆರಾ ದೇಹದೊಳಗಿನ ಮೋಟಾರಿನಿಂದ ತಿರುಗುವ ಹಳೆಯ ಎಎಫ್-ಡಿ ಲೆನ್ಸ್‌ಗಳು ಕಂಪನಿಯ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಸ್ವಯಂ ಫೋಕಸ್ ಆಗುವುದಿಲ್ಲ.

ಬಿಡಿಭಾಗ ತಯಾರಕರಿಗೆ ಈ ಪಲ್ಲಟ ಒಂದು ಕಿಂಡಿಯನ್ನು ತೆರೆದಿದೆ. ವಿದ್ಯುತ್ ಸಂಪರ್ಕವಿಲ್ಲದ ಅಡಾಪ್ಟರ್ ಎಂದರೆ ಅಲ್ಯೂಮಿನಿಯಂ ಉಂಗುರವೇ. ನಿಕಾನ್ ಎಫ್ ಲೆನ್ಸ್ ಅನ್ನು ಸೋನಿ ಇ ದೇಹಕ್ಕೆ ಹೊಂದಿಸಲು 28.5 ಮಿ.ಮೀ. ದಪ್ಪ ಸಾಕು. ಆದರೆ ಎರಡೂ ಮುಖಗಳು ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಚಿತ್ರದ ಒಂದು ಅಂಚು ಮಸುಕಾಗುತ್ತದೆ. ಉತ್ತಮ ಸಿಎನ್‌ಸಿ ಯಂತ್ರಗಳಿರುವ ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ ಇದು ಮೀರಿದ ಕೆಲಸವೇನಲ್ಲ. ಕ್ಯಾಮೆರಾ ಸುತ್ತ ಕೂರಿಸುವ ಕೇಜ್, ಎಲ್ ಆಕಾರದ ಬ್ರಾಕೆಟ್‌ಗಳೂ ಇದೇ ಜಾತಿಯವು. ಈ ಕ್ಷೇತ್ರದಲ್ಲಿ ಚೀನಾದ ಸ್ಮಾಲ್‌ರಿಗ್‌ನಂಥ ಕಂಪನಿಗಳು ಮುಂದಿವೆ. ಪ್ರತಿ ಹೊಸ ಮಾದರಿಗೂ ಅಳತೆ ಬದಲಾಗುವುದರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಗೋದಾಮು ತುಂಬುವವರು ನಷ್ಟ ಅನುಭವಿಸುತ್ತಾರೆ. ಕಡಿಮೆ ಸಂಖ್ಯೆಯಲ್ಲಿ, ಬೇಡಿಕೆ ಬಂದಂತೆ ಮಾಡಿಕೊಡುವ ಚಿಕ್ಕ ಘಟಕಕ್ಕೆ ಅಷ್ಟರಮಟ್ಟಿಗೆ ಅನುಕೂಲವಿದೆ.

ವಿದ್ಯುನ್ಮಾನ ಸಂಪರ್ಕವಿರುವ ಸಾಮಗ್ರಿಗಳಲ್ಲಿ ಮಾತ್ರ ಕೀಲಿಕೈ ಕ್ಯಾಮೆರಾ ಕಂಪನಿಯ ಬಳಿಯೇ ಇರುತ್ತದೆ. ಸೋನಿ 2011ರಲ್ಲಿಯೇ ಇ ಮೌಂಟ್‌ನ ಮೂಲ ವಿವರಗಳನ್ನು ಇತರ ಲೆನ್ಸ್ ತಯಾರಕರಿಗೆ ತೆರೆದಿಟ್ಟಿತು. ಕ್ಯಾನನ್ ತನ್ನ ಆರ್‌ಎಫ್ ಮೌಂಟ್‌ಗೆ ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ ಸ್ವಯಂ ಫೋಕಸ್ ಲೆನ್ಸ್‌ಗಳಿಗೆ ಅನುಮತಿ ಕೊಟ್ಟದ್ದು 2024ರಲ್ಲಿ, ಅದೂ ಚಿಕ್ಕ ಸೆನ್ಸರ್‌ನ ಲೆನ್ಸ್‌ಗಳಿಗೆ. ಇಂಥ ಬಿಗಿತ ಮಿರರ್‌ಲೆಸ್‌ನೊಂದಿಗೇ ಹುಟ್ಟಿದ್ದಲ್ಲ. 2019ರ ಕ್ಯಾನನ್ 200ಡಿ ಮಾರ್ಕ್ 2 ಎಂಬ ಡಿಎಸ್‌ಎಲ್‌ಆರ್‌ನ ಹಾಟ್ ಶೂ ಮೇಲೆ ನಡುವಿನ ಸಂಪರ್ಕಬಿಂದುವೇ ಇರಲಿಲ್ಲ; ಅಗ್ಗದ ಸಾಮಾನ್ಯ ಫ್ಲ್ಯಾಶ್‌ಗಳು ಅದರಲ್ಲಿ ಉರಿಯದೆ ಹೋದವು.

ಸರಬರಾಜಿನ ಅಪಾಯದ ಸ್ವರೂಪವೂ ಬದಲಾಗಿದೆ. ಡಿಎಸ್‌ಎಲ್‌ಆರ್‌ಗೂ ಚಿಪ್ ಬೇಕಿತ್ತು, ನಿಜ. ಮಿರರ್‌ಲೆಸ್‌ನಲ್ಲಿ ಬಹುಪಾಲು ಮೌಲ್ಯವೇ ಚಿಪ್‌ಗಳಲ್ಲಿದೆ. 2016ರ ಏಪ್ರಿಲ್‌ನಲ್ಲಿ ಕುಮಾಮೊಟೊ ಭೂಕಂಪದಿಂದ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗ ಇತರ ಕಂಪನಿಗಳ ಕ್ಯಾಮೆರಾಗಳೂ ತಡವಾದವು. 2021ರ ಕೊನೆಯಲ್ಲಿ ಚಿಪ್ ಕೊರತೆಯಿಂದಾಗಿ ಸೋನಿ ಜಪಾನಿನಲ್ಲಿ ಕೆಲವು ಮಾದರಿಗಳಿಗೆ ಬೇಡಿಕೆ ಸ್ವೀಕರಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಒಂದೇ ಬ್ರಾಂಡ್ ನಂಬಿ ಕುಳಿತ ಅಂಗಡಿಗೆ ಇಂಥ ತಿಂಗಳುಗಳು ಕಠಿಣವಾಗಿರುತ್ತವೆ. ತೆರಿಗೆಯ ವಿಷಯದಲ್ಲಿ ಎರಡು ಬಗೆಗೂ ಭೇದವಿಲ್ಲ. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು.

ಇನ್ನು ದುರಸ್ತಿ ಉದ್ಯಮ. ಕನ್ನಡಿಯ ಸ್ಪ್ರಿಂಗ್, ಶಟರ್ ಪರದೆ, ಫೋಕಸ್ ಹೊಂದಾಣಿಕೆ ಇವುಗಳನ್ನೇ ನಂಬಿ ಚಿಕ್ಕ ಊರುಗಳಲ್ಲೂ ಕುಶಲಕರ್ಮಿಗಳು ಜೀವನ ಸಾಗಿಸಿದ್ದಾರೆ. ಝಡ್9 ಮತ್ತು 2023ರ ಝಡ್8ರಲ್ಲಿ ಬದಲಾಯಿಸಲು ಶಟರ್ ಇಲ್ಲ. ಕೆಟ್ಟರೆ ಇಡೀ ಬೋರ್ಡ್ ಬದಲಾಯಿಸಬೇಕು, ಅದು ಕಂಪನಿಯ ಅಧಿಕೃತ ಕೇಂದ್ರದ ಪಾಲಾಗುತ್ತದೆ. ಸದ್ಯಕ್ಕೆ ಸ್ಟುಡಿಯೋಗಳ ಕೈಯಲ್ಲಿರುವ ಲಕ್ಷಾಂತರ ಡಿಎಸ್‌ಎಲ್‌ಆರ್‌ಗಳು ಅವರಿಗೆ ಕೆಲಸ ಕೊಡುತ್ತಿವೆ. ಹೊಸ ಬಿಡಿಭಾಗಗಳು ವಿರಳವಾಗುತ್ತಾ ಹೋದಂತೆ, ಕೆಟ್ಟ ಕ್ಯಾಮೆರಾಗಳನ್ನು ಕೊಂಡು ಭಾಗಗಳನ್ನು ಬಿಚ್ಚಿ ಮಾರುವ ವ್ಯಾಪಾರಕ್ಕೆ ಬೆಲೆ ಬರಲಿದೆ. ಮೂಲೆಗೆ ಸೇರಿದ ಡಿಎಸ್‌ಎಲ್‌ಆರ್ ದೇಹಗಳನ್ನು ವಿನಿಮಯ ಯೋಜನೆಯಲ್ಲಿ ಪಡೆಯುವ ವರ್ತಕರು ಅವನ್ನು ಗುಜರಿಗೆ ತೂಗಿಸುವ ಮುನ್ನ ಪಕ್ಕದ ಬೀದಿಯ ದುರಸ್ತಿಗಾರನನ್ನು ಒಮ್ಮೆ ವಿಚಾರಿಸಬಹುದು.